ಯೂರೋಪಿನ ನಿಧಿನಿರ್ವಾಹಕರೂ ಷೇರುಕ್ರಯದ ಚುಕ್ತಾವೂ

ಸಂತೆಯಲ್ಲಿ ಧಾನ್ಯವನ್ನು ಕೊಳ್ಳುವವನು ಒಂದು ಕೈಯಿಂದ ಹಣವನ್ನಿತ್ತು ಮತ್ತೊಂದು ಕೈಯಿಂದ ಚೀಲವನ್ನು ಪಡೆಯುತ್ತಾನೆ. ಮಾತು, ಹಣ, ಸರಕು ಈ ಮೂರೂ ಅಲ್ಲಿ ಒಂದೇ ಸ್ಥಳದಲ್ಲಿ ಒಂದೇ ಗಳಿಗೆಯಲ್ಲಿ ಕೂಡುವುದರಿಂದ, ವ್ಯವಹಾರವು ಮುಗಿಯಿತೆ ಇಲ್ಲವೆ ಎಂಬ ಸಂದೇಹಕ್ಕೆ ಎಡೆಯಿರುವುದಿಲ್ಲ. ಷೇರುಪೇಟೆಯ ಕ್ರಯವು ಇಂಥದಲ್ಲ. ಅಲ್ಲಿ ಕೊಳ್ಳುವೆನೆಂಬ ಮಾತೂ ಮಾರುವೆನೆಂಬ ಮಾತೂ ಕ್ಷಣಾರ್ಧದಲ್ಲಿ ಕೂಡಿಬಿಡುತ್ತವೆ. ಷೇರು ಕೊಂಡವನ ಲೆಕ್ಕಕ್ಕೆ ಬರುವುದೂ ಹಣವು ಮಾರಿದವನ ಲೆಕ್ಕಕ್ಕೆ ಸೇರುವುದೂ ಆಮೇಲೆ ನಡೆಯತಕ್ಕ ಕಾರ್ಯಗಳು. ಮಾತಿಗೂ ಕೊಡುಕೊಳೆಗೂ ನಡುವೆ ಹೀಗೆ ಬೀಳುವ ಅಂತರವು ಯೂರೋಪಿನ ಬಹುಪಾಲು ಪೇಟೆಗಳಲ್ಲಿ 2014ರ ಅಕ್ಟೋಬರಿನಿಂದ ಎರಡು ಕೆಲಸದ ದಿನಗಳಷ್ಟಾಗಿದೆ. ಕೋಟ್ಯಂತರ ಜನರ ಉಳಿತಾಯವನ್ನೂ ನಿವೃತ್ತಿವೇತನದ ಹಣವನ್ನೂ ವಹಿಸಿಕೊಂಡಿರುವ ನಿಧಿನಿರ್ವಾಹಕರಿಗೆ ಈ ಎರಡು ದಿನಗಳು ಎಚ್ಚರದ ದಿನಗಳು. ಇಷ್ಟು ವೇಗದ ಯಂತ್ರಗಳಿರುವ ಕಾಲದಲ್ಲಿ ಎರಡು ದಿನಗಳೇಕೆ ಬೇಕೆಂದು ಹೊರಗಿನವರು ಕೇಳುವುದು ಸಹಜ. ಈ ವಿಷಯದ ಚರಿತ್ರೆಯನ್ನು ಪರಿಶೀಲಿಸಿದರೆ, ತಡವಾಗುವುದಕ್ಕೆ ಯಂತ್ರದ ನಿಧಾನಕ್ಕಿಂತ ಮಾತಿನ ಭೇದವೇ ಹೆಚ್ಚಿನ ಕಾರಣವೆಂದು ತಿಳಿದುಬರುತ್ತದೆ. ಒಂದೇ ವ್ಯವಹಾರವನ್ನು ಹಲವು ದೇಶಗಳವರು ಹಲವು ರೀತಿಯಾಗಿ ಬರೆಯುತ್ತಿರುವ ತನಕ ಯಂತ್ರವು ಅವುಗಳನ್ನು ಒಂದೆಂದು ಗುರುತಿಸಲಾರದು.

ಮೊದಲು ಪರಿಭಾಷೆಯ ಮಾತು. ಕಂಪೆನಿಯ ಬಂಡವಾಳದಲ್ಲಿ ಪಾಲನ್ನು ಸೂಚಿಸುವ ಷೇರು, ಸರ್ಕಾರವೋ ಕಂಪೆನಿಯೋ ಎತ್ತಿದ ಸಾಲವನ್ನು ಸೂಚಿಸುವ ಬಾಂಡು, ಇವೆರಡನ್ನೂ ಸೇರಿಸಿ 'ಪತ್ರ'ಗಳೆಂದು ಕರೆಯಬಹುದು. ಕೊಡುವುದನ್ನು ಕೊಟ್ಟು, ಪಡೆಯುವುದನ್ನು ಪಡೆದು, ಲೆಕ್ಕವನ್ನು ತೀರಿಸುವುದಕ್ಕೆ ಅಂಗಡಿಯ ಕನ್ನಡದಲ್ಲಿ 'ಚುಕ್ತಾ' ಎಂಬ ಮಾತು ರೂಢವಾಗಿದೆ. ಸೆಟ್ಲ್‌ಮೆಂಟ್ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಮಾತು ಸಿಕ್ಕುವುದು ಕಷ್ಟ. ಗಿರಾಕಿಯ ಪತ್ರಗಳನ್ನು ಕಾಯುವ ಬ್ಯಾಂಕಿಗೆ 'ಪಾಲಕ ಬ್ಯಾಂಕು' ಎಂದೂ, ಒಂದು ದೇಶದ ಪತ್ರಗಳಿಗೆ ಮೂಲಖಾತೆಯನ್ನಿಡುವ ಡಿಪಾಜಿಟರಿಗೆ 'ನಿಕ್ಷೇಪಾಲಯ' ಎಂದೂ ಹೇಳಬಹುದು. ನಿಕ್ಷೇಪವೆಂಬುದು ಧರ್ಮಶಾಸ್ತ್ರದಿಂದ ಬಂದ ಶಬ್ದ. ಮನುವು ಎಣಿಸಿದ 18 ವ್ಯವಹಾರಪದಗಳಲ್ಲಿ ಅದೂ ಒಂದು. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ, ಎಣಿಸಿ ತೋರಿಸಿ ಇಟ್ಟ ನಿಕ್ಷೇಪಕ್ಕೂ ಮುದ್ರೆಯೊತ್ತಿ ಒಳಗಿರುವುದನ್ನು ಹೇಳದೆ ಇಟ್ಟ ಉಪನಿಧಿಗೂ ಭೇದವನ್ನು ತೋರಿಸಿದ್ದಾನೆ. ಈ ಎರಡರಲ್ಲಿಯೂ ಇಟ್ಟ ವಸ್ತುವನ್ನೇ ಹಿಂದಿರುಗಿಸಬೇಕು. ಈಗಿನ ನಿಕ್ಷೇಪಾಲಯದಲ್ಲಿ ಹಾಗಲ್ಲ. ಅಲ್ಲಿ ಎಲ್ಲರ ಪತ್ರಗಳೂ ಒಂದೇ ರಾಶಿ. ಇಟ್ಟವನಿಗೆ ಇರುವುದು ಆ ರಾಶಿಯಲ್ಲಿ ಇಷ್ಟು ಸಂಖ್ಯೆಯ ಹಕ್ಕು ಮಾತ್ರ. ಜರ್ಮನಿಯ 1937ರ ನಿಕ್ಷೇಪಕಾಯಿದೆಯು ಒಬ್ಬೊಬ್ಬನ ಪತ್ರಗಳನ್ನು ಬೇರೆಯಾಗಿ ಕಟ್ಟಿಡುವ ಕ್ರಮಕ್ಕೂ ರಾಶಿಯಲ್ಲಿ ಸೇರಿಸಿಡುವ ಕ್ರಮಕ್ಕೂ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳುತ್ತದೆ. ಈ ಭೇದವು ಶಾಸ್ತ್ರಿಗಳ ಸೂಕ್ಷ್ಮವೆಂದು ತೋರಬಹುದು. ಪಾಲಕ ಬ್ಯಾಂಕು ದಿವಾಳಿಯೆದ್ದ ದಿನ ಅದರ ಬೆಲೆ ತಿಳಿಯುತ್ತದೆ.

ಷೇರುಗಳ ಹಸ್ತಾಂತರವು ಆರಂಭದಲ್ಲಿ ಪುಸ್ತಕದ ಕೆಲಸವೇ ಆಗಿತ್ತು. 1602ರಲ್ಲಿ ಸ್ಥಾಪಿತವಾದ ಡಚ್ಚರ ಈಸ್ಟ್ ಇಂಡಿಯಾ ಕಂಪೆನಿಯ ಪಾಲನ್ನು ಮಾರಬೇಕಾದವನು ಆಮ್‌ಸ್ಟರ್‌ಡಾಮಿನ ಕಂಪೆನಿಯ ಕಚೇರಿಗೆ ಹೋಗಬೇಕಾಗಿತ್ತು. ಲೆಕ್ಕಿಗನು ಅವನ ಲೆಕ್ಕದಲ್ಲಿ ಪಾಲು ಇರುವುದನ್ನು ನೋಡಿ, ಇಬ್ಬರು ನಿರ್ದೇಶಕರ ಒಪ್ಪಿಗೆಯ ಮೇಲೆ ಕೊಂಡವನ ಲೆಕ್ಕಕ್ಕೆ ಬರೆಯುತ್ತಿದ್ದನು. ಖಾತೆಯಲ್ಲಿ ಬರೆದುದೇ ಒಡೆತನಕ್ಕೆ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಗದದ ಪತ್ರಗಳು ಹೆಚ್ಚಿ, ಅವುಗಳನ್ನು ಹೊತ್ತು ತಿರುಗುವ ಕೆಲಸವೂ ಹೆಚ್ಚಿತು. ವಿಯೆನ್ನಾ ನಗರದಲ್ಲಿ 1872ರಲ್ಲಿ ಹುಟ್ಟಿದ ಒಂದು ಸಂಸ್ಥೆಯೂ, 1882ರಲ್ಲಿ ಬರ್ಲಿನ್ನಿನ ಕಾಸೆನ್‌ಫೆರೈನ್ ಬ್ಯಾಂಕು ಕೈಕೊಂಡ ಏರ್ಪಾಡೂ ಈ ಹೊರೆಯನ್ನು ಇಳಿಸಿದುವು: ಪತ್ರಗಳು ಒಂದೇ ಕೊಠಡಿಯಲ್ಲಿ ನಿಂತಲ್ಲಿಯೇ ನಿಂತವು, ಲೆಕ್ಕಗಳು ಮಾತ್ರ ಚಲಿಸಿದುವು. ಲಂಡನ್ನು ಬೇರೆ ಹಾದಿಯನ್ನು ಹಿಡಿದಿತ್ತು. ಅಲ್ಲಿ ಸುಮಾರು ಎರಡು ವಾರಗಳ ವ್ಯಾಪಾರವನ್ನೆಲ್ಲ ಕೂಡಿಟ್ಟು ಒಂದು ಗೊತ್ತಾದ ದಿನದಂದು ಚುಕ್ತಾ ಮಾಡುವ ಪದ್ಧತಿಯು ಬಹುಕಾಲ ನಡೆದು 1994ರಲ್ಲಿ ನಿಂತಿತು. ಪ್ಯಾರಿಸಿನಲ್ಲಿ 1949ರಲ್ಲಿ ಸಿಕೊವಾಮ್ ಎಂಬ ನಿಕ್ಷೇಪಾಲಯವು ಸ್ಥಾಪಿತವಾಯಿತು. 1984ರಲ್ಲಿ ಫ್ರಾನ್ಸು ಕಾಗದವನ್ನೇ ಬಿಟ್ಟು ಪತ್ರಗಳನ್ನು ಕೇವಲ ಖಾತೆಯ ಬರೆಹಗಳನ್ನಾಗಿ ಮಾಡಿತು. ಆಮ್‌ಸ್ಟರ್‌ಡಾಮಿನ ಹಳೆಯ ಪುಸ್ತಕಕ್ಕೆ ಹಿಂದಿರುಗಿದಂತೆಯೇ ಆಯಿತೆನ್ನಬೇಕು.

ಒಂದೊಂದು ದೇಶವೂ ಹೀಗೆ ತನ್ನ ತನ್ನ ಸೌಕರ್ಯಕ್ಕೆ ತಕ್ಕಂತೆ ಮನೆಯನ್ನು ಕಟ್ಟಿಕೊಂಡಿತು. ದೇಶಗಳ ಎಲ್ಲೆಯನ್ನು ಮೀರಿ ನಡೆಯುವ ಸಾಲಪತ್ರಗಳ ವ್ಯಾಪಾರವು 1963ರಿಂದ ಬೆಳೆಯತೊಡಗಿದಾಗ ಆ ಮನೆಗಳು ಸಾಲದೆ ಹೋದುವು. ಅದೇ ದಶಕದಲ್ಲಿ ನ್ಯೂಯಾರ್ಕಿನ ದಲ್ಲಾಳಿಗಳ ಕಚೇರಿಗಳಲ್ಲಿ ಕಾಗದಗಳು ಮೇಜುಗಳನ್ನು ಮುಚ್ಚಿ ನೆಲಕ್ಕೆ ಇಳಿದಿದ್ದುವು. ಬಾಕಿಯನ್ನು ತೀರಿಸುವುದಕ್ಕಾಗಿ 1968ರಲ್ಲಿ ಅಲ್ಲಿಯ ಷೇರುಪೇಟೆಯು ಬುಧವಾರಗಳಂದು ಬಾಗಿಲು ಮುಚ್ಚಬೇಕಾಗಿ ಬಂದಿತು. ಅಮೆರಿಕವು 1973ರಲ್ಲಿ ದೇಶಕ್ಕೆಲ್ಲ ಒಂದೇ ದೊಡ್ಡ ನಿಕ್ಷೇಪಾಲಯವನ್ನು ಏರ್ಪಡಿಸಿಕೊಂಡಿತು. ಯೂರೋಪಿನಲ್ಲಿ 1968ರಲ್ಲಿ ಬ್ರಸೆಲ್ಸಿನ ಯೂರೋಕ್ಲಿಯರ್, 1970ರಲ್ಲಿ ಲಕ್ಸೆಂಬರ್ಗಿನ ಸೆಡೆಲ್ ಎಂಬ ಎರಡು ಅಂತರರಾಷ್ಟ್ರೀಯ ಸಂಸ್ಥೆಗಳು ಹುಟ್ಟಿದುವು. ರಾಷ್ಟ್ರೀಯ ನಿಕ್ಷೇಪಾಲಯಗಳು ಹಾಗೆಯೇ ಉಳಿದುವು. ಒಕ್ಕೂಟಕ್ಕೆ ಒಂದೇ ನಾಣ್ಯವು ಬಂದಮೇಲೂ ಒಂದೇ ಖಾತೆಯು ಬರಲಿಲ್ಲ.

ಚುಕ್ತಾ ತಡವಾದರೆ ಕೆಡುವುದೇನು? ಇದಕ್ಕೆ ಉತ್ತರವನ್ನು 1974ರ ಜೂನ್ 26ರಂದು ಕಲೋನ್ ನಗರದ ಹೆರ್‌ಷ್ಟಾಟ್ ಬ್ಯಾಂಕು ಕೊಟ್ಟಿತು. ಅಂದು ಅದರೊಡನೆ ನಾಣ್ಯವಿನಿಮಯ ಮಾಡಿದ್ದ ಬ್ಯಾಂಕುಗಳು ಜರ್ಮನಿಯಲ್ಲಿ ಮಾರ್ಕುಗಳನ್ನು ತೆತ್ತಿದ್ದುವು. ಅದಕ್ಕೆ ಬದಲಾಗಿ ಬರಬೇಕಾದ ಡಾಲರುಗಳು ನ್ಯೂಯಾರ್ಕಿನಲ್ಲಿ ಸಲ್ಲುವ ಮೊದಲೇ, ಜರ್ಮನಿಯ ಕೆಲಸದ ವೇಳೆ ಮುಗಿಯುತ್ತಲೂ ಅಧಿಕಾರಿಗಳು ಆ ಬ್ಯಾಂಕನ್ನು ಮುಚ್ಚಿದರು. ಕೊಟ್ಟವರು ಕೊಟ್ಟಿದ್ದರು, ಪಡೆಯಬೇಕಾದುದು ಬರಲಿಲ್ಲ. ಅದು ನಾಣ್ಯದ ವ್ಯವಹಾರವಾದರೂ ಷೇರಿಗೂ ಅದೇ ನ್ಯಾಯ ಸಲ್ಲುತ್ತದೆ. ಆದುದರಿಂದಲೇ 'ಹಣಕ್ಕೆದುರಾಗಿ ಪತ್ರ' ಎಂಬ ನಿಯಮವು ಈ ಶಾಸ್ತ್ರದ ಮೂಲಸೂತ್ರವಾಯಿತು: ಎರಡೂ ಒಟ್ಟಿಗೆ ಸಲ್ಲಬೇಕು, ಇಲ್ಲವೆ ಎರಡೂ ಸಲ್ಲಕೂಡದು. 1989ರಲ್ಲಿ ಮೂವತ್ತರ ಕೂಟವೆಂಬ ಹಣಕಾಸಿನ ಪರಿಣತರ ಮಂಡಲಿಯು ಈ ಸೂತ್ರವನ್ನೂ, ಪ್ರತಿಯೊಂದು ದೇಶಕ್ಕೂ ಒಂದು ನಿಕ್ಷೇಪಾಲಯವಿರಬೇಕೆಂಬುದನ್ನೂ, ವ್ಯಾಪಾರವಾದ ಮೂರನೆಯ ದಿನಕ್ಕೆ ಚುಕ್ತಾ ಆಗಬೇಕೆಂಬುದನ್ನೂ ಸಲಹೆಯಾಗಿ ಲೋಕದ ಮುಂದಿಟ್ಟಿತು.

ಸಂತೆಯ ಕೊಡುಕೊಳೆಯನ್ನು ಬಹು ಕಷ್ಟಪಟ್ಟು ಮತ್ತೆ ಕಟ್ಟಿದ ಈ ಏರ್ಪಾಡಿನಲ್ಲಿ ನಿಧಿನಿರ್ವಾಹಕನ ಸ್ಥಾನ ವಿಚಿತ್ರವಾದುದು. ಅವನು ಕೊಳ್ಳುತ್ತಾನೆ, ಆದರೆ ಹಣ ಅವನದಲ್ಲ. ಮಾರುತ್ತಾನೆ, ಆದರೆ ಪತ್ರಗಳು ಅವನ ಕೈಯಲ್ಲಿಲ್ಲ. ಸಾರ್ವಜನಿಕರ ಹಣವನ್ನು ಕೂಡಿಸುವ ನಿಧಿಗಳನ್ನು ಕುರಿತ ಯೂರೋಪಿನ 1985ರ ನಿರ್ದೇಶನದ ಕಾಲದಿಂದಲೂ ನಿಧಿಯ ಆಸ್ತಿಯನ್ನು ಪ್ರತ್ಯೇಕವಾದ ಪಾಲಕಸಂಸ್ಥೆಯೊಂದಕ್ಕೆ ಒಪ್ಪಿಸಿರಬೇಕೆಂಬುದು ಕಡ್ಡಾಯ. ಹಣವಿಟ್ಟವರ ರಕ್ಷಣೆಗೆ ಇದು ಬಹಳ ಒಳ್ಳೆಯ ಕಟ್ಟುಪಾಡು. ಆದರೆ ಇದರಿಂದ ಆಜ್ಞೆ ಕೊಡುವವನು ಒಬ್ಬ, ಅದನ್ನು ನಡೆಸುವವನು ಇನ್ನೊಬ್ಬನಾಗುತ್ತಾನೆ. ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಲಕ್ಸೆಂಬರ್ಗಿನಲ್ಲಿ 12 ನಿಧಿಗಳನ್ನು ನಡೆಸುವ ನಿರ್ವಾಹಕನೊಬ್ಬನು ಫ್ರಾನ್ಸಿನ ಕಂಪೆನಿಯೊಂದರ 90,000 ಷೇರುಗಳನ್ನು ದಲ್ಲಾಳಿಯ ಮೂಲಕ ಒಂದೇ ಗಂಟಾಗಿ ಕೊಂಡನೆಂದಿಟ್ಟುಕೊಳ್ಳೋಣ. ಆ ಗಂಟನ್ನು ಬಿಚ್ಚಿ ಯಾವ ನಿಧಿಗೆ ಎಷ್ಟೆಂದು ಹಂಚಿ ದಲ್ಲಾಳಿಗೆ ತಿಳಿಸಬೇಕು. ಅವನು ಒಪ್ಪಿ ಬೆಲೆಯನ್ನೂ ದಲ್ಲಾಳಿಯನ್ನೂ ತೆರಿಗೆಯನ್ನೂ ಸೇರಿಸಿ ಲೆಕ್ಕವನ್ನು ಕಳುಹಿಸಬೇಕು. ಆ ಲೆಕ್ಕ ಸರಿಯೆಂದು ಕಂಡಮೇಲೆ ನಿಧಿಗಳ ಪಾಲಕ ಬ್ಯಾಂಕುಗಳಿಗೆ 12 ಆಜ್ಞೆಗಳು ಹೋಗಬೇಕು. ಅವು ಮೂರು ಬೇರೆ ಬೇರೆ ಬ್ಯಾಂಕುಗಳಾಗಿರಬಹುದು. ಒಂದೊಂದಕ್ಕೂ ಪ್ಯಾರಿಸಿನಲ್ಲಿ ಬೇರೆ ಬೇರೆ ಉಪಪಾಲಕರಿರಬಹುದು. ಆ ಉಪಪಾಲಕರು ಫ್ರಾನ್ಸಿನ ನಿಕ್ಷೇಪಾಲಯಕ್ಕೆ ಬರೆಯುತ್ತಾರೆ. ದಲ್ಲಾಳಿಯ ಕಡೆಯಿಂದಲೂ ಇಂಥದೇ ಸರಪಣಿ ಇಳಿದುಬರುತ್ತದೆ. ಎರಡು ಸರಪಣಿಗಳ ಕೊನೆಯ ಕೊಂಡಿಗಳು ನಿಕ್ಷೇಪಾಲಯದಲ್ಲಿ ಸಂಧಿಸಿದರೆ ಷೇರು ಆ ಕಡೆಯಿಂದ ಈ ಕಡೆಗೂ ಹಣ ಈ ಕಡೆಯಿಂದ ಆ ಕಡೆಗೂ ಸಲ್ಲುತ್ತದೆ.

ಈ ಸಂಧಿಯೇ ಕಠಿನವಾದುದು. ಎರಡು ಕಡೆಯ ಆಜ್ಞೆಗಳೂ ಪರಸ್ಪರ ಪ್ರತಿಬಿಂಬಗಳಂತೆ ಇರಬೇಕು: ಪತ್ರದ ಗುರುತು, ಸಂಖ್ಯೆ, ಹಣ, ವ್ಯಾಪಾರದ ದಿನ, ಚುಕ್ತಾ ದಿನ, ಕೊಡುವವನು, ಪಡೆಯುವವನು ಇಷ್ಟೂ ಹೊಂದಬೇಕು. ಹಳೆಯ ಕಾವ್ಯಗಳ ಓಲೆಪ್ರತಿಗಳನ್ನು ಎದುರಿಗಿಟ್ಟು ಪಾಠಗಳನ್ನು ಹೋಲಿಸಿ ನೋಡಿದವರಿಗೆ ಈ ಕೆಲಸದ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಪಾಠಾಂತರವು ಕಂಡರೆ ಸಂಪಾದಕನು ಅರ್ಥವನ್ನೂ ಛಂದಸ್ಸನ್ನೂ ನೋಡಿ ಒಂದನ್ನು ಆರಿಸುತ್ತಾನೆ. ಇಲ್ಲಿಯ ಯಂತ್ರಕ್ಕೆ ಆ ಸ್ವಾತಂತ್ರ್ಯವಿಲ್ಲ. ಪಾಠಾಂತರವಿದ್ದರೆ ವ್ಯವಹಾರವು ನಿಲ್ಲುತ್ತದೆ. ಲೋಪದೋಷಗಳೂ ಲಿಪಿಕಾರರ ದೋಷಗಳಂತೆಯೇ ಕ್ಷುದ್ರವಾದುವು: ದಲ್ಲಾಳಿಯ ಲೆಕ್ಕದಲ್ಲಿ ಸೇರಿದ ತೆರಿಗೆ ನಿರ್ವಾಹಕನ ಲೆಕ್ಕದಲ್ಲಿ ಸೇರಿಲ್ಲ, ಪಾಲಕ ಬ್ಯಾಂಕು ಉಪಪಾಲಕರನ್ನು ಬದಲಿಸಿದೆ, ದಲ್ಲಾಳಿಯ ಪುಸ್ತಕದಲ್ಲಿ ಹಳೆಯ ಲೆಕ್ಕದ ಸಂಖ್ಯೆಯೇ ಉಳಿದಿದೆ. ಒಂದೇ ಒಂದು ಕಡೆ ನಿಯಮವು ಸ್ವಲ್ಪ ದಯೆ ತೋರಿಸಿದೆ. ವ್ಯವಹಾರದ ಮೊತ್ತವು 1,00,000 ಯೂರೋಗಳ ವರೆಗೆ ಇದ್ದರೆ 2 ಯೂರೋ, ಅದಕ್ಕೆ ಮೇಲ್ಪಟ್ಟರೆ 25 ಯೂರೋಗಳಷ್ಟು ಹಣದ ವ್ಯತ್ಯಾಸವನ್ನು ಲಕ್ಷಿಸದೆ ಹೊಂದಿಸಬಹುದು. ಷೇರುಗಳ ಸಂಖ್ಯೆಯಲ್ಲಿ ಮಾತ್ರ ಒಂದರ ವ್ಯತ್ಯಾಸಕ್ಕೂ ಕ್ಷಮೆಯಿಲ್ಲ.

ಇಂಥ ದೋಷಗಳನ್ನು ತಡೆಯುವುದಕ್ಕೆ ಸಮಾನವಾದ ಭಾಷೆಯೊಂದನ್ನು ನಿರ್ಮಿಸುವ ಪ್ರಯತ್ನವು ಐವತ್ತು ವರ್ಷಗಳಿಂದ ನಡೆದಿದೆ. 1973ರಲ್ಲಿ ಬ್ಯಾಂಕುಗಳು ಕೂಡಿ ಬೆಲ್ಜಿಯಮ್ಮಿನಲ್ಲಿ ಸ್ಥಾಪಿಸಿದ ಸ್ವಿಫ್ಟ್ ಸಂಸ್ಥೆಯು 1977ರಲ್ಲಿ ಸಂದೇಶಗಳನ್ನು ಸಾಗಿಸತೊಡಗಿತು. ಪ್ರತಿಯೊಂದು ಪತ್ರಕ್ಕೂ 12 ಅಕ್ಷರಗಳ ಗುರುತೊಂದು ಗೊತ್ತಾಯಿತು. ಐಸಿನ್ ಎಂದು ಅದರ ಹೆಸರು. ಮೊದಲಿನ ಎರಡು ಅಕ್ಷರಗಳು ದೇಶವನ್ನೂ, ನಡುವಿನ ಒಂಬತ್ತು ಪತ್ರವನ್ನೂ ಸೂಚಿಸುತ್ತವೆ. ಕೊನೆಯ ಅಂಕಿಯು ಹಿಂದಿನ ಅಕ್ಷರಗಳಿಂದ ಗಣಿತದ ಮೂಲಕ ಬರುವುದರಿಂದ ಬರೆಯುವಾಗ ತಪ್ಪಿದರೆ ಸಾಮಾನ್ಯವಾಗಿ ಅಲ್ಲಿಯೇ ಗೊತ್ತಾಗುತ್ತದೆ. ಸಂದೇಶದ ರಚನೆಗೂ ಅಂತರರಾಷ್ಟ್ರೀಯ ಪ್ರಮಾಣಗಳು ಬಂದುವು: 7775ನೆಯ ಸಂಖ್ಯೆಯದು ಹೋಗಿ 15022ನೆಯದು ಬಂದಿತು, ಅದರ ಜೊತೆಗೆ ಈಗ 20022ನೆಯದು ಹರಡುತ್ತಿದೆ. ಇದರಿಂದ ಉಪಕಾರವು ಬಹಳವಾಯಿತು. ಆದರೆ ವ್ಯಾಕರಣವು ಒಂದಾದ ಮಾತ್ರಕ್ಕೆ ನುಡಿಯು ಒಂದಾಗುವುದಿಲ್ಲ. ಒಂದೇ ಸಂದೇಶದ ಒಂದೇ ಸ್ಥಾನವನ್ನು ಮಿಲಾನಿನವರು ಒಂದಕ್ಕೆ, ಮ್ಯಾಡ್ರಿಡ್ಡಿನವರು ಇನ್ನೊಂದಕ್ಕೆ ಬಳಸುವುದು ಸಾಧ್ಯವಾಗಿತ್ತು. ಒಂದು ಪೇಟೆಯಲ್ಲಿ ಕಡ್ಡಾಯವಾದುದು ಇನ್ನೊಂದರಲ್ಲಿ ಐಚ್ಛಿಕವಾಗಿತ್ತು. ಪ್ರಮಾಣವು ಒಂದಾಗಿದ್ದು ಪ್ರಯೋಗವು ದೇಶಭಾಷೆಯಾಗಿ ಉಳಿದ ಈ ಸ್ಥಿತಿಯಲ್ಲಿ, ಹತ್ತು ಪೇಟೆಗಳಲ್ಲಿ ವ್ಯವಹರಿಸುವ ನಿರ್ವಾಹಕನು ಹತ್ತು ರೂಢಿಗಳನ್ನು ಕಲಿಯಬೇಕಾಗಿತ್ತು.

ರೂಢಿಗಳನ್ನು ಒಂದು ಮಾಡದೆ ಯಂತ್ರವನ್ನು ತರಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ಟಾರಸ್ ಯೋಜನೆಗಿಂತ ಒಳ್ಳೆಯ ನಿದರ್ಶನವು ದೊರೆಯಲಾರದು. ಅಲ್ಲಿಯ ಷೇರುಪೇಟೆಯು ಕಾಗದವನ್ನು ಬಿಟ್ಟು ವಿದ್ಯುನ್ಮಾನ ಖಾತೆಗೆ ಹೋಗಬೇಕೆಂದು ಈ ಯೋಜನೆಯನ್ನು ಆರಂಭಿಸಿತು. ಕಂಪೆನಿಗಳ ರಿಜಿಸ್ಟ್ರಾರರು, ಬ್ಯಾಂಕುಗಳು, ದೊಡ್ಡ ದಲ್ಲಾಳಿಗಳು, ಚಿಕ್ಕ ದಲ್ಲಾಳಿಗಳು ಹೀಗೆ ಪ್ರತಿಯೊಬ್ಬರೂ ತಮ್ಮ ಪದ್ಧತಿಗೆ ಭಂಗ ಬರಕೂಡದೆಂದು ಹಿಡಿದರು. ಎಲ್ಲರನ್ನೂ ಒಪ್ಪಿಸಹೊರಟು ನಕ್ಷೆಯು ದಿನದಿನಕ್ಕೂ ಜಟಿಲವಾಯಿತು. ವರ್ಷಗಳ ಶ್ರಮವನ್ನೂ ಕೋಟ್ಯಂತರ ಪೌಂಡುಗಳನ್ನೂ ನುಂಗಿ 1993ರ ಮಾರ್ಚಿಯಲ್ಲಿ ಯೋಜನೆಯು ಬಿದ್ದುಹೋಯಿತು, ಪೇಟೆಯ ಮುಖ್ಯಾಧಿಕಾರಿಯು ರಾಜೀನಾಮೆಯಿತ್ತನು. ಆಮೇಲೆ ಬ್ಯಾಂಕ್ ಆಫ್ ಇಂಗ್ಲೆಂಡು ಕೆಲಸವನ್ನು ಕೈಗೆತ್ತಿಕೊಂಡು, ಬಯಕೆಗಳನ್ನು ಕಡಿಮೆಮಾಡಿ, ಕ್ರೆಸ್ಟ್ ಎಂಬ ಸರಳವಾದ ಏರ್ಪಾಡನ್ನು 1996ರಲ್ಲಿ ನಡೆಸಿ ತೋರಿಸಿತು. ಎರಡು ಯೋಜನೆಗಳ ನಡುವಣ ಮೂರು ವರ್ಷಗಳಲ್ಲಿ ಯಂತ್ರಶಾಸ್ತ್ರದಲ್ಲಿ ಅಂಥ ಕ್ರಾಂತಿಯೇನೂ ಆಗಿರಲಿಲ್ಲ.

ಒಂದು ನಗರದಲ್ಲಿಯೇ ಇಷ್ಟು ಕಷ್ಟವಾದರೆ ಖಂಡದ ಪಾಡೇನು? ಯೂರೋ ನಾಣ್ಯವು ಬಂದಮೇಲೆ ಯೂರೋಪಿನ ಕಮಿಷನ್ನಿನ ಕೋರಿಕೆಯಂತೆ ಇಟಲಿಯ ಅರ್ಥಶಾಸ್ತ್ರಜ್ಞ ಆಲ್ಬರ್ಟೊ ಜೊವಾನ್ನೀನಿಯ ಅಧ್ಯಕ್ಷತೆಯಲ್ಲಿ ಕೂಡಿದ ಪರಿಣತರು 2001ರಲ್ಲಿಯೂ 2003ರಲ್ಲಿಯೂ ಎರಡು ವರದಿಗಳನ್ನು ಒಪ್ಪಿಸಿದರು. ಎಲ್ಲೆ ದಾಟುವ ಚುಕ್ತಾಕ್ಕೆ ಅಡ್ಡವಾದ 15 ತಡೆಗಳನ್ನು ಅವರು ಎಣಿಸಿ ಹೇಳಿದರು. ಅವುಗಳಲ್ಲಿ ಮೊದಲನೆಯದು ಯಂತ್ರಗಳ ಮತ್ತು ಸಂದೇಶಗಳ ಭೇದ. ಅದನ್ನು ನಿವಾರಿಸುವ ಹೊಣೆಯು ಸ್ವಿಫ್ಟ್ ಸಂಸ್ಥೆಗೆ ಬಂದಿತು. ಮಿಕ್ಕವುಗಳಲ್ಲಿ ಕೆಲವು ಪೇಟೆಯ ರೂಢಿಗೆ, ಕೆಲವು ತೆರಿಗೆಗೆ, ಕೆಲವು ನ್ಯಾಯಕ್ಕೆ ಸೇರಿದುವು: ಚುಕ್ತಾ ದಿನಗಳು ಬೇರೆ, ಕೆಲಸದ ವೇಳೆ ಬೇರೆ, ಲಾಭಾಂಶವನ್ನು ಹಂಚುವ ನಿಯಮ ಬೇರೆ, ಖಾತೆಯಲ್ಲಿ ಬರೆದ ಪತ್ರದ ಒಡೆತನವೆಂದರೇನೆಂಬ ಅರ್ಥವೇ ಬೇರೆ. ಅದುವರೆಗೆ ಗೊಣಗಾಟವಾಗಿದ್ದ ವಿಷಯವು ಆ ಪಟ್ಟಿಯಿಂದ ಕೆಲಸವಾಯಿತು. ಇಂದಿಗೂ ಈ ಕ್ಷೇತ್ರದವರು ತಡೆಗಳನ್ನು ಜೊವಾನ್ನೀನಿಯ ಸಂಖ್ಯೆಯಿಂದಲೇ ಕರೆಯುವುದುಂಟು.

ವರದಿಗಳ ಮೇಲೆ ಹುಟ್ಟಿದ ಕಾರ್ಯಗಳಲ್ಲಿ ದೊಡ್ಡದು ಯೂರೋಪಿನ ಕೇಂದ್ರ ಬ್ಯಾಂಕಿನ ಬಳಗದ್ದು. 2006ರಲ್ಲಿ ಯೋಚನೆಗೆ ಬಂದು 2015ರ ಜೂನ್ 22ರಂದು ನಡೆಯತೊಡಗಿದ 'ಟಾರ್ಗೆಟ್-2 ಸೆಕ್ಯುರಿಟೀಸ್' ಎಂಬ ಸಾಮಾನ್ಯ ವೇದಿಕೆಯನ್ನು ಜರ್ಮನಿ, ಫ್ರಾನ್ಸು, ಇಟಲಿ, ಸ್ಪೇನುಗಳ ಕೇಂದ್ರ ಬ್ಯಾಂಕುಗಳು ಕಟ್ಟಿ ನಡೆಸುತ್ತಿವೆ. ನಿಕ್ಷೇಪಾಲಯಗಳು ತಮ್ಮ ಹೆಸರನ್ನೂ ಗಿರಾಕಿಗಳನ್ನೂ ಉಳಿಸಿಕೊಂಡು ಲೆಕ್ಕಗಳನ್ನು ಮಾತ್ರ ಈ ವೇದಿಕೆಗೆ ತಂದುವು. ಒಂದೇ ಬಾರಿಗೆ ಬಾರದೆ ಅಲೆಅಲೆಯಾಗಿ ಬಂದು 2017ರ ಸೆಪ್ಟೆಂಬರಿಗೆ ಮುಖ್ಯವಾದ ಭಾಗವು ಮುಗಿಯಿತು. 2018ರಲ್ಲಿ ಡೆನ್ಮಾರ್ಕಿನ ಕ್ರೋನವೂ ಸೇರಿತು. ಪತ್ರದ ಲೆಕ್ಕವೂ ಕೇಂದ್ರ ಬ್ಯಾಂಕಿನಲ್ಲಿರುವ ಹಣದ ಲೆಕ್ಕವೂ ಒಂದೇ ಯಂತ್ರದಲ್ಲಿ ಇರುವುದರಿಂದ 'ಹಣಕ್ಕೆದುರಾಗಿ ಪತ್ರ' ಎಂಬ ಸೂತ್ರವು ಅಲ್ಲಿ ಅಕ್ಷರಶಃ ನಡೆಯುತ್ತದೆ. ಇಷ್ಟಾದರೂ ವೇದಿಕೆಯ ನಿಜವಾದ ಸಾಧನೆಯು ಯಂತ್ರದಲ್ಲಿಲ್ಲ. ಅದರೊಳಕ್ಕೆ ಬರಬೇಕಾದರೆ ಹೊಂದಿಸುವ ಅಂಶಗಳು, ದಿನದ ವೇಳಾಪಟ್ಟಿ, ಭಾಗಶಃ ಚುಕ್ತಾದ ನಿಯಮ ಮೊದಲಾದುವನ್ನು ಎಲ್ಲರೂ ಒಪ್ಪಬೇಕಾಯಿತು. ಹಿಂದೆ ಸಮಿತಿಗಳಲ್ಲಿ ದಶಕಗಟ್ಟಲೆ ನಡೆದ ವಾದಗಳು, ಪ್ರವೇಶದ ದಿನವು ಗೊತ್ತಾದಮೇಲೆ ಬಹಳಮಟ್ಟಿಗೆ ತೀರಿದುವು.

ವೇದಿಕೆಯ ಜೊತೆಗೆ ಕಾನೂನೂ ಬಂದಿತು. ನಿಕ್ಷೇಪಾಲಯಗಳನ್ನು ಕುರಿತ 2014ರ 909ನೆಯ ಸಂಖ್ಯೆಯ ಕಟ್ಟಳೆಯು ಎರಡನೆಯ ದಿನದ ಚುಕ್ತಾವನ್ನು ಒಕ್ಕೂಟಕ್ಕೆಲ್ಲ ನಿಯಮವನ್ನಾಗಿ ಮಾಡಿ, ತಪ್ಪಿದವರಿಗೆ ದಂಡವನ್ನು ಗೊತ್ತುಮಾಡಿತು. ದಂಡವು 2022ರ ಫೆಬ್ರವರಿ 1ರಿಂದ ಜಾರಿಯಲ್ಲಿದೆ. ಧಾರಾಳವಾಗಿ ಮಾರಾಟವಾಗುವ ಷೇರುಗಳನ್ನು ಒಪ್ಪಿಸದಿದ್ದರೆ ದಿನಕ್ಕೆ ಅವುಗಳ ಬೆಲೆಯ ಹತ್ತು ಸಾವಿರದಲ್ಲಿ ಒಂದು ಪಾಲು. ಅಂದರೆ 10 ಲಕ್ಷ ಯೂರೋಗಳ ಷೇರಿಗೆ ದಿನಕ್ಕೆ 100 ಯೂರೋ. ಸರ್ಕಾರದ ಸಾಲಪತ್ರಕ್ಕಾದರೆ ಅದರ ಹತ್ತನೆಯ ಒಂದು ಭಾಗ. ಈ ಹಣವು ನಿಕ್ಷೇಪಾಲಯಕ್ಕೆ ಲಾಭವಾಗದೆ ನಷ್ಟಪಟ್ಟವನಿಗೆ ಸಲ್ಲುತ್ತದೆ. ದಂಡವು ಸಣ್ಣದೆಂದು ತೋರಬಹುದು. ಆದರೆ ಅದು ಮೇಲೆ ಹೇಳಿದ ಸರಪಣಿಯ ಒಂದೊಂದು ಕೊಂಡಿಯನ್ನೂ ಹಾದು ನಿಧಿಯ ಲೆಕ್ಕಕ್ಕೆ ಬಂದು ಸೇರುತ್ತದೆ, ತಪ್ಪು ಯಾರದೆಂದು ಪ್ರತಿಯೊಂದು ಹೆಜ್ಜೆಯಲ್ಲಿಯೂ ವಿಚಾರಿಸಬೇಕಾಗುತ್ತದೆ. ಅದುವರೆಗೆ ಮರೆಯಾಗಿ ನಡೆಯುತ್ತಿದ್ದ ವಿಳಂಬಕ್ಕೆ ಹೆಸರೂ ಬೆಲೆಯೂ ಬಂದುವು. ಒಪ್ಪಿಸದವನ ಲೆಕ್ಕಕ್ಕೆ ಬೇರೆ ಕಡೆಯಿಂದ ಕಡ್ಡಾಯವಾಗಿ ಕೊಂಡುಕೊಡಬೇಕೆಂಬ ಇನ್ನೊಂದು ಕಠಿನವಾದ ವಿಧಿಯೂ ಅದೇ ಕಟ್ಟಳೆಯಲ್ಲಿತ್ತು. ಪೇಟೆಯವರ ಆಕ್ಷೇಪದಿಂದ ಅದು ಮುಂದಕ್ಕೆ ಹೋಗಿ, 2023ರ ತಿದ್ದುಪಡಿಯಲ್ಲಿ ಕೊನೆಯ ಅಸ್ತ್ರವಾಗಿ ಮಾತ್ರ ಉಳಿಯಿತು. ನಿಧಿನಿರ್ವಾಹಕರಿಗೆ ಸಂಬಂಧಪಟ್ಟ ನಿಯಮವಾದರೋ ಹೆಚ್ಚು ಸೌಮ್ಯವಾದುದು, ಹೆಚ್ಚು ಫಲವುಳ್ಳದ್ದು: ಕೊಂಡ ಗಂಟನ್ನು ನಿಧಿಗಳಿಗೆ ಹಂಚಿದ ವಿವರವನ್ನು ಅದೇ ದಿನದ ಕೆಲಸ ಮುಗಿಯುವುದರೊಳಗಾಗಿ ದಲ್ಲಾಳಿಗೆ ಬರೆದು ತಿಳಿಸಬೇಕು, ಕಾಲಮಾನದಲ್ಲಿ ಎರಡು ಗಂಟೆಗೆ ಮೀರಿದ ವ್ಯತ್ಯಾಸವಿದ್ದರೆ ಮರುದಿನದ ಮಧ್ಯಾಹ್ನದವರೆಗೆ ಅವಕಾಶವುಂಟು. ಎಲ್ಲರೂ ಒಪ್ಪಿದ ಸಂದೇಶದ ರೂಪದಲ್ಲಿ ಕಳುಹಿಸಿದರೆ ದಲ್ಲಾಳಿಯು ಅದನ್ನು ಅಂಗೀಕರಿಸಲೇಬೇಕು.

ಈ ನಿಯಮಗಳು ರೂಢಿಗೆ ಬರುವಷ್ಟರಲ್ಲಿ ಗಡಿಯಾರವೇ ಮುಂದಕ್ಕೆ ಓಡಿತು. ಭಾರತವು 2022ರ ಫೆಬ್ರವರಿಯಲ್ಲಿ ಚಿಕ್ಕ ಕಂಪೆನಿಗಳಿಂದ ಆರಂಭಿಸಿ 2023ರ ಜನವರಿ 27ಕ್ಕೆ ತನ್ನ ಷೇರುಗಳೆಲ್ಲಕ್ಕೂ ಮರುದಿನದ ಚುಕ್ತಾವನ್ನು ತಂದಿತು. ಅಮೆರಿಕವು 2024ರ ಮೇ 28ರಂದು ಅದೇ ಹಾದಿಗೆ ಬಂದಿತು. ಭಾರತಕ್ಕೆ ಒಂದು ನಾಣ್ಯ, ಒಂದು ನಿಯಂತ್ರಣಮಂಡಲಿ, ಎರಡು ನಿಕ್ಷೇಪಾಲಯಗಳು. ಯೂರೋಪಿಗೆ ಹಲವು ನಾಣ್ಯಗಳು, ದೇಶದೇಶಕ್ಕೂ ನಿಯಂತ್ರಣಾಧಿಕಾರಿಗಳು, ಇಪ್ಪತ್ತಕ್ಕೂ ಮೀರಿದ ನಿಕ್ಷೇಪಾಲಯಗಳು, ದೇಶಕ್ಕೊಂದು ರಜೆಯ ಪಟ್ಟಿ. ಹೀಗಿದ್ದರೂ ಒಕ್ಕೂಟವು 2025ರಲ್ಲಿ ಕಟ್ಟಳೆಯನ್ನು ತಿದ್ದಿ, 2027ರ ಅಕ್ಟೋಬರ್ 11ರಿಂದ ಮರುದಿನವೇ ಚುಕ್ತಾ ಆಗಬೇಕೆಂದು ನಿಶ್ಚಯಿಸಿದೆ. ಬ್ರಿಟನ್ನೂ ಸ್ವಿಟ್ಸರ್ಲೆಂಡೂ ಅದೇ ದಿನವನ್ನು ಆರಿಸಿಕೊಂಡಿವೆ. ನಡುವಣ ಕಾಲದ ತೊಡಕನ್ನು ಯೂರೋಪಿನ ನಿರ್ವಾಹಕರು ಅನುಭವಿಸುತ್ತಿದ್ದಾರೆ. ಅಮೆರಿಕದ ಷೇರನ್ನು ಕೊಂಡರೆ ಮರುದಿನವೇ ಡಾಲರು ಬೇಕು. ನಿಧಿಗೆ ಹಣ ಕಟ್ಟಿದ ಯೂರೋಪಿನ ಗಿರಾಕಿಯ ಹಣವು ಅದಕ್ಕಿಂತ ತಡವಾಗಿ ಬರುವುದುಂಟು. ರೂಢಿಯ ನಾಣ್ಯವಿನಿಮಯವೂ ಎರಡನೆಯ ದಿನಕ್ಕೆ ಸಲ್ಲುವಂಥದು. ನ್ಯೂಯಾರ್ಕಿನ ಪೇಟೆಯು ಮುಚ್ಚುವ ವೇಳೆಗೆ ಪ್ಯಾರಿಸಿನಲ್ಲಿ ರಾತ್ರಿ ಹತ್ತು ಗಂಟೆ. ಆ ಹೊತ್ತಿನಲ್ಲಿ ಯಾರನ್ನು ಕೂರಿಸುವುದು, ಎಷ್ಟು ಡಾಲರನ್ನು ಮುಂದಾಗಿ ಕೊಂಡಿಡುವುದು ಎಂಬುದು ಚಿಕ್ಕ ಸಂಸ್ಥೆಗಳಿಗೆ ಹೊಟ್ಟೆಪಾಡಿನಷ್ಟೇ ದೊಡ್ಡ ಚಿಂತೆ.

ಎರಡು ದಿನಗಳಿದ್ದಾಗ ಮೊದಲನೆಯ ದಿನದ ತಪ್ಪನ್ನು ಎರಡನೆಯ ದಿನ ದೂರವಾಣಿಯಲ್ಲಿ ಮಾತನಾಡಿ ತಿದ್ದುವುದು ಸಾಧ್ಯ. ಒಂದೇ ದಿನವಾದರೆ ತಿದ್ದುವ ಹೊತ್ತು ರಾತ್ರಿಯಾಗುತ್ತದೆ. ಆದುದರಿಂದ ಮನುಷ್ಯರ ಕೈಯಿಂದ ಹಾದುಹೋಗುವ ಹೆಜ್ಜೆಗಳನ್ನು ಯಂತ್ರಕ್ಕೆ ಒಪ್ಪಿಸದೆ ಗತಿಯಿಲ್ಲ. ಹಂಚಿಕೆಯೂ ಒಪ್ಪಿಗೆಯೂ ತಮಗೆ ತಾವೇ ಹೊಂದಬೇಕು; ಲೆಕ್ಕದ ವಿಳಾಸಗಳನ್ನು ಒಬ್ಬೊಬ್ಬ ದಲ್ಲಾಳಿಯೂ ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ಬದಲು ಪಾಲಕ ಬ್ಯಾಂಕೇ ಒಂದು ಸಾಮಾನ್ಯ ಭಂಡಾರದಲ್ಲಿ ಬರೆದು, ಬದಲಾದೊಡನೆ ತಿದ್ದಬೇಕು; ಕಚೇರಿಯವರು ಹೊಂದದೆ ನಿಂತವುಗಳನ್ನು ಮಾತ್ರ ನೋಡಬೇಕು. ದೊಡ್ಡ ನಿರ್ವಾಹಕರಲ್ಲಿ ಇದು ಈಗಾಗಲೇ ಬಹುಮಟ್ಟಿಗೆ ಹೀಗೆಯೇ ನಡೆಯುತ್ತದೆ. ಇ-ಮೇಲಿನಲ್ಲಿ ಪಟ್ಟಿಯನ್ನು ಕಳುಹಿಸಿ ಉತ್ತರಕ್ಕೆ ಕಾಯುವ ಸಣ್ಣ ಮನೆಗಳು ಮಾತ್ರ ಇನ್ನೂ ಉಳಿದಿವೆ. ಇಲ್ಲಿ ಒಂದು ಅಪಾಯವನ್ನು ಗಮನಿಸಬೇಕು. ತಪ್ಪಾದ ವಿಳಾಸವನ್ನು ಗುಮಾಸ್ತನು ಹತ್ತರಲ್ಲಿ ಒಂದು ಸಲವಾದರೂ ಅನುಮಾನಿಸುತ್ತಿದ್ದನು. ಯಂತ್ರವು ಅದನ್ನೇ ನೂರು ಆಜ್ಞೆಗಳಲ್ಲಿ ನಿಷ್ಠೆಯಿಂದ ಬರೆಯುತ್ತದೆ.

ಯಂತ್ರದಿಂದಲೂ ರೂಢಿಯಿಂದಲೂ ತೀರದ ತಡೆಗಳು ಎರಡು ಉಳಿದಿವೆ. ಒಂದು ತೆರಿಗೆಯದು. ಬೇರೆ ದೇಶದ ಕಂಪೆನಿಯ ಲಾಭಾಂಶದಲ್ಲಿ ಅಲ್ಲಿಯ ಸರ್ಕಾರವು ಮೊದಲೇ ಹಿಡಿದ ತೆರಿಗೆಯಲ್ಲಿ ಹಿಂದಕ್ಕೆ ಬರಬೇಕಾದುದನ್ನು ಪಡೆಯಲು ನಿಧಿಗಳು ದೇಶಕ್ಕೊಂದು ಕ್ರಮದಲ್ಲಿ ಅರ್ಜಿ ಹಾಕಬೇಕಾಗಿದೆ. ಇದನ್ನು ಸರಿಪಡಿಸುವ ನಿರ್ದೇಶನವನ್ನು 2024ರ ಡಿಸೆಂಬರಿನಲ್ಲಿ ಅಂಗೀಕರಿಸಿದ್ದಾರೆ. ಅದು ನಡೆಯತಕ್ಕದ್ದು 2030ರ ಜನವರಿ 1ರಿಂದ. ಇನ್ನೊಂದು ಒಡೆತನದ ನ್ಯಾಯ. 2008ರ ಸೆಪ್ಟೆಂಬರಿನಲ್ಲಿ ಲೀಮನ್ ಬ್ರದರ್ಸ್ ಸಂಸ್ಥೆಯು ಮುರಿದಾಗ, ಅದರ ಲಂಡನ್ನಿನ ಅಂಗಸಂಸ್ಥೆಯಲ್ಲಿ ಪತ್ರಗಳನ್ನಿಟ್ಟಿದ್ದ ಗಿರಾಕಿಗಳು ಯಾವುದು ತಮ್ಮದು, ಯಾವುದು ಸಂಸ್ಥೆಯ ಸಾಲಗಾರರದು ಎಂಬುದು ಇತ್ಯರ್ಥವಾಗುವ ತನಕ ವರ್ಷಗಟ್ಟಲೆ ಕಾಯಬೇಕಾಯಿತು. ಹಲವು ದೇಶಗಳನ್ನು ಹಾದುಬಂದ ಲೆಕ್ಕಕ್ಕೆ ಯಾವ ದೇಶದ ಕಾನೂನು ಸಲ್ಲಬೇಕೆಂಬುದನ್ನು ಗೊತ್ತುಮಾಡಲು 2006ರಲ್ಲಿ ಹೇಗ್ ನಗರದಲ್ಲಿ ಒಂದು ಒಪ್ಪಂದವಾಯಿತು. ಅಮೆರಿಕ, ಸ್ವಿಟ್ಸರ್ಲೆಂಡು, ಮಾರಿಷಸ್‌ಗಳ ನಡುವೆ ಅದು 2017ರಲ್ಲಿ ಜಾರಿಗೆ ಬಂದಿತು, ಯೂರೋಪಿನ ಒಕ್ಕೂಟವು ಸೇರಲಿಲ್ಲ. ಒಕ್ಕೂಟದ ಒಳಗೂ ಸ್ಥಿತಿಯು ಹಾಗೆಯೇ ಇದೆ. ಷೇರುದಾರರ ಹಕ್ಕುಗಳನ್ನು ಕುರಿತ 2007ರ ನಿರ್ದೇಶನವು ಅವರಿಗೆ ಸಭೆಯ ಸೂಚನೆಯನ್ನೂ ಮತವನ್ನೂ ಪ್ರಶ್ನೆ ಕೇಳುವ ಅಧಿಕಾರವನ್ನೂ ಕೊಡುತ್ತದೆ. ಷೇರುದಾರನೆಂದರೆ ಯಾರು ಎಂಬುದಕ್ಕೆ ಮಾತ್ರ, ಅನ್ವಯವಾಗುವ ಕಾನೂನು ಯಾರನ್ನು ಷೇರುದಾರನೆಂದು ಒಪ್ಪುತ್ತದೆಯೋ ಅವನೇ ಎಂದು ಹೇಳಿ ಸುಮ್ಮನಾಗುತ್ತದೆ. ಒಂದು ದೇಶದಲ್ಲಿ ಅದು ಖಾತೆಯ ಕೊನೆಯ ಕೊಂಡಿಯಲ್ಲಿರುವ ನಿಧಿ, ಇನ್ನೊಂದರಲ್ಲಿ ಕಂಪೆನಿಯ ಪುಸ್ತಕದಲ್ಲಿ ಹೆಸರಿರುವ ಪಾಲಕ ಬ್ಯಾಂಕು. 2017ರಲ್ಲಿ ಆ ನಿರ್ದೇಶನವನ್ನು ತಿದ್ದಿದರು. ಆ ಶಬ್ದದ ಅರ್ಥವನ್ನು ಆಗಲೂ ಆಯಾ ದೇಶಗಳಿಗೇ ಬಿಟ್ಟರು.